ಯ ಎಂದರೆ ನನ್ನ ವಯಸ್ಸು

ನನ್ನ ವಯಸ್ಸು ಎಷ್ಟೆಂದು ಯಾರಾದರೂ ಕೇಳಿದರೆ ನಾನು ಈಗಲೂ ಒಂದು ಗಳಿಗೆ ತಡವರಿಸುತ್ತೇನೆ. ಮೊಮ್ಮಕ್ಕಳು ಅದನ್ನು ಅರಳುಮರುಳು ಎಂದುಕೊಂಡು ನಗುತ್ತಾರೆ. ನಗಲಿ. ಅದು ಮುಪ್ಪಿನಿಂದ ಬಂದದ್ದಲ್ಲ, ನಾನು ಮುಲ್ಕಿ ಪರೀಕ್ಷೆ ಪಾಸಾದ ವರ್ಷದಿಂದ ಅಂಟಿಕೊಂಡದ್ದು. ಆ ವರ್ಷ ನಾನು ಬೀಜಗಣಿತ ಹಾಕಿ ನನ್ನ ವಯಸ್ಸನ್ನು ಕಂಡುಹಿಡಿಯಲು ಹೊರಟಿದ್ದೆ. ಅಂಥ ಹುಚ್ಚು ಕೆಲಸ ಮಾಡಿದವರು ಬೈಲಹೊಂಗಲದಲ್ಲಿ ಅದಕ್ಕೂ ಮೊದಲು ಇರಲಿಲ್ಲ, ಆಮೇಲೂ ಇರಲಾರರು.

ಕನ್ನಡ ಏಳನೆಯ ಇಯತ್ತೆ ಮುಗಿಸಿದವರು ಕೊಡುವ ಪರೀಕ್ಷೆಗೆ ನಮ್ಮ ಕಡೆ ಮುಲ್ಕಿ ಎನ್ನುತ್ತಿದ್ದರು. ಅದರಲ್ಲಿ ಪಾಸಾದವನು ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ತರಬೇತಿ ಪಡೆದು ಬಂದರೆ ಊರೇ ಎದ್ದು ನಿಂತು ನಮಸ್ಕಾರ ಮಾಡುತ್ತಿತ್ತು. ನನಗೆ ಮಾಸ್ತರನಾಗಬೇಕಿತ್ತು. ಬೇರೆ ಯಾವುದೂ ಬೇಡವಾಗಿತ್ತು. ನೇಗಿಲು ಹಿಡಿಯಲು ನನ್ನ ತೋಳಿಗೆ ತ್ರಾಣವಿರಲಿಲ್ಲ, ಅಂಗಡಿಯಲ್ಲಿ ಕುಳಿತುಕೊಳ್ಳಲು ನಾಲಿಗೆಗೆ ಸಿಹಿ ಇರಲಿಲ್ಲ. ಅಪ್ಪ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಅಕ್ಕ ಗಂಡನ ಮನೆಯಲ್ಲಿದ್ದಳು. ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು, ಇಬ್ಬರೇ.

ನಮ್ಮ ಸಾಲಿಯ ಹೆಡ್ ಮಾಸ್ತರರು ರಾಮದುರ್ಗದ ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಸದಾ ಮೂಗಿಗೆ ನಶ್ಯ ಏರಿಸಿಕೊಂಡು ಇರುತ್ತಿದ್ದರು. ಮುಲ್ಕಿಗೆ ಬೀಜಗಣಿತವೇನೂ ಇರಲಿಲ್ಲ. ಆದರೆ ಧಾರವಾಡಕ್ಕೆ ಹೋದ ಮೇಲೆ ತಮ್ಮ ಹುಡುಗನ ಮುಖಭಂಗವಾಗಬಾರದೆಂದು ಅವರು ಸಾಲಿ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ನನ್ನೊಬ್ಬನನ್ನೇ ಕೂಡಿಸಿಕೊಂಡು ಅದನ್ನು ಕಲಿಸುತ್ತಿದ್ದರು. ಅವರ ಪದ್ಧತಿ ಒಂದೇ. ಅವರು ಒಂದು ಮಾತು ಹೇಳುವರು, ನಾನು ಅದನ್ನು ಪಾಟಿಯ ಮೇಲೆ ಅಕ್ಷರಕ್ಕೆ ಇಳಿಸಬೇಕು. ಇಲ್ಲವೆ ಅವರು ಅಕ್ಷರ ಬರೆಯುವರು, ನಾನು ಅದನ್ನು ಬಾಯಿಮಾತಿಗೆ ಏರಿಸಬೇಕು.

ಕೇಳಲು ಸುಲಭ. ಒಂದು ದಿನ ಅವರು, "ಒಂದು ಸಂಖ್ಯಾ ದುಪ್ಪಟ್ಟು ಮಾಡಿ ಅದರಾಗ ಮೂರು ಕಳಿ" ಎಂದರು. ೨ಯ − ೩ ಎಂದು ಬರೆದೆ. "ಒಂದು ಸಂಖ್ಯಾದಾಗ ಮೂರು ಕಳದು ಅದನ್ನ ದುಪ್ಪಟ್ಟು ಮಾಡು" ಎಂದರು. ಮತ್ತೆ ೨ಯ − ೩ ಎಂದೇ ಬರೆದೆ. ಅದೇ ದುಪ್ಪಟ್ಟು, ಅದೇ ಮೂರು, ಅದೇ ಕಳೆಯುವುದು. ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯಲಿಲ್ಲ.

"ನಿಮ್ಮವ್ವ ಮೊದಲ ರೊಟ್ಟಿ ಬಡದು ಆಮ್ಯಾಲೆ ಹಿಟ್ಟು ನಾದತಾಳೇನೋ?" ಎಂದು ಅವರು ಕೇಳಿದರು. ಎರಡನೆಯದಕ್ಕೆ ೨(ಯ − ೩) ಎಂದು ಕಂಸ ಹಾಕಿ ತೋರಿಸಿದರು. ಯ ಜಾಗದಲ್ಲಿ ಹತ್ತು ಇಟ್ಟು ನೋಡು ಎಂದರು. ಒಂದರಲ್ಲಿ ಹದಿನೇಳು ಬಂತು, ಇನ್ನೊಂದರಲ್ಲಿ ಹದಿನಾಲ್ಕು. ನಾನು ಬಾಯಿ ಬಿಟ್ಟುಕೊಂಡು ಕುಳಿತೆ.

ಇನ್ನೊಂದು ದಿನ "ಮಗನ ವಯಸ್ಸಿನ ಮೂರು ಪಟ್ಟು ತಂದೀ ವಯಸ್ಸು" ಎಂದರು. ತ ಎಂದರೆ ತಂದೆ, ಮ ಎಂದರೆ ಮಗ, ತಂದೆ ದೊಡ್ಡವರು, ಆದ್ದರಿಂದ ಮೂರನ್ನು ಮರ್ಯಾದೆಯಿಂದ ಅವರ ಪಕ್ಕಕ್ಕೆ ಕೊಟ್ಟು ೩ತ = ಮ ಎಂದು ಬರೆದೆ. ಮಾಸ್ತರರು ನಶ್ಯದ ಡಬ್ಬಿಯನ್ನು ಕೆಳಗಿಟ್ಟರು.

"ಈ ಲೆಕ್ಕದಾಗ ಅಪ್ಪಗ ಹತ್ತು ವರ್ಷ ಇದ್ರ ಮಗಗ ಮೂವತ್ತು ಆಗತಾವ. ಅಕ್ಷರ ಅಂದ್ರ ಮನುಷ್ಯಾ ಅಲ್ಲೋ ತಮ್ಮಾ. ಅದಕ್ಕ ಮೈ ಇಲ್ಲ, ಮೀಸಿ ಇಲ್ಲ. ಅದು ಬರೇ ಸಂಖ್ಯಾ."

ಹೌದ್ರಿ ಎಂದೆ. ತಿಳಿದಿತ್ತೆಂದಲ್ಲ. ಹೌದ್ರಿ ಎನ್ನದಿದ್ದರೆ ಅವತ್ತು ಮನೆಗೆ ಬಿಡುತ್ತಿರಲಿಲ್ಲ.

ಹೀಗಿರುವಾಗ ಧಾರವಾಡದ ಅರ್ಜಿಯ ಕಾಗದ ಬಂತು. ಸೇರುವವನಿಗೆ ಹದಿನೆಂಟು ವರ್ಷ ತುಂಬಿರಬೇಕು, ವಯಸ್ಸನ್ನು ಬರೆದು ತಂದೆಯ ರುಜು ಹಾಕಿಸಬೇಕು, ತಂದೆ ಇಲ್ಲದಿದ್ದರೆ ತಾಯಿಯದು ಎಂದಿತ್ತು. ಮಾಸ್ತರರು ಸಾಲಿಯ ಹಳೆಯ ದಾಖಲೆ ತೆಗೆಯಲು ಹೋದರು. ಪ್ಲೇಗಿನ ವರ್ಷ ಊರೆಲ್ಲ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಾಗ ಸಾಲಿಯ ಪೆಟ್ಟಿಗೆಯೂ ಹೊಲಕ್ಕೆ ಹೋಗಿತ್ತು. ಅದರೊಳಗೆ ಗೆದ್ದಲು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಜಾತಕ ಬರೆಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

"ನಿನ್ನ ವಯಸ್ಸು ಹುಳಾ ತಿಂದಾವಪ್ಪಾ" ಎಂದರು ಮಾಸ್ತರರು. ಆಮೇಲೆ ಅವರ ಮುಖ ಅರಳಿತು. "ಛಲೋನ ಆತು. ಮನಿ ಮಂದಿ ಹೇಳಿದ ಮಾತೆಲ್ಲಾ ಅಕ್ಷರಕ್ಕ ಇಳಿಸಿಕೊಂಡು ಬಾ. ಯ ಅಂದ್ರ ನಿನ್ನ ವಯಸ್ಸು. ಬಿಡಿಸಿ ತೋರಿಸು."

ನನಗೂ ಹುರುಪು ಬಂತು. ಹದಿನೆಂಟು ತುಂಬಿರಲೇಬೇಕು ಎಂದು ನನಗೆ ಗ್ಯಾರಂಟಿ ಇತ್ತು. ಅವ್ವ ಯಾವಾಗಲೂ ನನ್ನನ್ನು ಓಣಿಯ ಮೀಸೆ ಬಂದ ಹುಡುಗರ ಜೊತೆ ಹೋಲಿಸಿ, "ನಿನ್ನ ಓರಗಿಯವ್ರು ನೋಡು, ಹೊರಿ ಹೊರತಾರ, ಲಗ್ನಾ ಆಗ್ಯಾರ" ಎನ್ನುತ್ತಿದ್ದಳು. ನನಗೆ ಹೊಲಿಸುವ ಅಂಗಿ ಯಾವಾಗಲೂ ಮೊಣಕಾಲಿನ ತನಕ ಇಳಿಯುತ್ತಿತ್ತು. ನಾನು ಬೆಳೆಯಲಾರದ ಹುಡುಗ, ಬುದ್ಧಿಯಲ್ಲೂ ಮೈಯಲ್ಲೂ ಹಿಂದೆ ಬಿದ್ದವನು ಎಂದೇ ನಂಬಿಕೊಂಡು ದೊಡ್ಡವನಾಗಿದ್ದೆ.

ಅವ್ವ ಪಡಸಾಲೆಯಲ್ಲಿ ಕುಳಿತು ಹತ್ತಿ ಹಿಂಜುತ್ತಿದ್ದಳು. ನನಗೆ ಎಷ್ಟು ವರ್ಷ ಎಂದು ಕೇಳಿದೆ.

"ಆಯುಷ್ಯ ಎಣಸಬಾರದೋ" ಎಂದಳು.

ಇದು ಅವಳ ಹಳೆಯ ಪಾಠ. ಎಣಿಸಿದ್ದು ಕಡಿಮೆಯಾಗುತ್ತದೆ ಎಂದು ಅವಳು ಮನೆಯವರ ವಯಸ್ಸನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ನಾನು ಧಾರವಾಡದ ಮಾತು ತೆಗೆದು ಕಾಡಿದೆ, ಕಾಲು ಹಿಡಿದೆ. ಕೊನೆಗೆ ಅವಳು ನನ್ನ ಮುಖ ನೋಡದೆ ಹತ್ತಿಯನ್ನೇ ನೋಡುತ್ತ ಹೇಳಿದಳು. "ನಿಮ್ಮಕ್ಕ ನಿನಕಿಂತ ನಾಕ ವರ್ಷಕ್ಕ ದೊಡ್ಡಾಕಿ. ನಿನ್ನ ಜವಳಾ ಸವದತ್ತಿ ಗುಡ್ಡದಾಗ ಮಾಡಿದ್ವಿ. ಆವಾಗ ನಿನಗ ಮೂರ, ಅಕಿಗೆ ಏಳ. ಇನ್ನ ಕೇಳಬ್ಯಾಡ."

ಮಗುವಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಸುವ ಜವಳ ನಮ್ಮ ಮನೆತನದಲ್ಲಿ ಮೂರನೆಯ ವರ್ಷವೇ ಆಗಬೇಕು. ಅದು ಸರಿಹೋಯಿತು. ಅಕ್ಕನ ವಯಸ್ಸಿಗೆ ಅ ಎಂದು ಇಟ್ಟುಕೊಂಡೆ. ಮೊದಲು ಯ = ಅ + ೪ ಎಂದು ಬರೆದು, ಅಕ್ಕನಿಗಿಂತ ನಾನೇ ದೊಡ್ಡವನಾಗಿಬಿಟ್ಟೆನಲ್ಲ ಎಂದು ಗಾಬರಿಯಾಗಿ, ಉಗುಳು ಹಚ್ಚಿ ಒರೆಸಿ, ಅ = ಯ + ೪ ಎಂದು ತಿದ್ದಿದೆ. ಎರಡು ಗೊತ್ತಿಲ್ಲದವು, ಮಾತು ಒಂದೇ. ಇನ್ನೊಂದು ಮಾತು ಬೇಕಿತ್ತು.

ಅಕ್ಕನನ್ನು ಕಿತ್ತೂರಿನ ಹತ್ತಿರ ದೇಗಾಂವಕ್ಕೆ ಕೊಟ್ಟಿದ್ದೆವು. ಆ ಕಡೆ ಹೊರಟಿದ್ದ ಒಂದು ಬಂಡಿ ಹತ್ತಿ ಹೋದೆ. ಅವಳು ಒಲೆಯ ಮುಂದೆ ಕುಳಿತಿದ್ದಳು. ವಯಸ್ಸು ಕೇಳಿದ್ದಕ್ಕೆ ಮೊದಲು ನಕ್ಕಳು. ಆಮೇಲೆ ಬೆರಳು ಮಡಿಸಿದಳು.

"ಲಗ್ನದಾಗ ನನಗ ಹನ್ನೊಂದ. ಲಗ್ನ ಆದ ಮ್ಯಾಲೆ ತವರಮನಿ ಪಂಚಮಿ ಉಂಡಿ ಹನ್ನೆರಡ ಸಲಾ ತಿಂದೇನಿ. ಒಂದೂ ತಪ್ಪಿಸಿಲ್ಲ."

ವರ್ಷಕ್ಕೊಮ್ಮೆ ನಾಗಪಂಚಮಿಗೆ ತವರಿನಲ್ಲಿ ತಿನ್ನುವ ಉಂಡಿಯ ಲೆಕ್ಕ ತಪ್ಪುವ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಹನ್ನೊಂದು ಹನ್ನೆರಡು ಇಪ್ಪತ್ತಮೂರು. ಅ = ೨೩. ಅವಳ ಒಲೆಯ ಮುಂದಿನ ನೆಲದ ಮೇಲೆಯೇ ಇದ್ದಿಲಿನಿಂದ ಬರೆದು ಬಿಡಿಸಿದೆ. ಯ = ೧೯.

ಹತ್ತೊಂಬತ್ತು! ಕುಣಿದಾಡುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಹತ್ತೊಂಬತ್ತಾದವನ ಮೂಗಿನ ಕೆಳಗೆ ಒಂದು ಕೂದಲಿಲ್ಲ, ದನಿ ಇನ್ನೂ ಹೆಂಗಸರದು.

"ಅಕ್ಕಾ, ನೀ ನನಕಿಂತ ನಾಕ ವರ್ಷಕ್ಕ ದೊಡ್ಡಾಕಿ ಹೌದಲ್ಲ?" ಎಂದು ಕೇಳಿದೆ.

ಅವಳು ಒಲೆ ಊದಲು ಬಗ್ಗಿದಳು. "ಅವ್ವ ಹೇಳ್ಯಾಳಲ್ಲ, ಮತ್ತ ನನ್ನ ಯಾಕ ಕೇಳತಿ?" ಎಂದಳು. ದನಿ ಸಿಟ್ಟಿನದೋ ಹೊಗೆಯದೋ ತಿಳಿಯಲಿಲ್ಲ. ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ಮಾಸ್ತರರು ಪಾಟಿ ನೋಡಿ ತಲೆದೂಗಿದರು. ಆದರೆ ಕಾಗದ ತೆಗೆಯಲಿಲ್ಲ. "ತಾಳೆ ಎಲ್ಲ್ಯದ? ಇನ್ನೊಬ್ಬರ ಮಾತು ತಗೊಂಡು ಬಾ. ಅದೂ ಹತ್ತೊಂಬತ್ತ ಅಂದ್ರ ಬರಿಯೂಣು."

ಅಪ್ಪನ ಅಕ್ಕ ಸಂಪಗಾಂವದಲ್ಲಿದ್ದಳು. ಮಾತಿನಮಲ್ಲಿ ಅತ್ತಿ. ನಾನು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಮೊರದಲ್ಲಿ ಜೋಳ ಕೇರುತ್ತ ಅರ್ಧ ಓಣಿಗೆ ಕೇಳುವ ಹಾಗೆ ಯಾರನ್ನೋ ಬೈಯುತ್ತಿದ್ದಳು. ನಾನು ವಯಸ್ಸಿನ ಮಾತು ತೆಗೆದದ್ದೇ ತಡ, ಕಾಳಿನ ಜೊತೆ ಮಾತೂ ಸುರಿಯಿತು.

"ಅದೇನ ಕೇಳತಿ? ನಿಮ್ಮಕ್ಕನ ಲಗ್ನದ ಹಂದರದಾಗ ನಿನ್ನ ಜವಳಾ ಮಾಡಿದ್ವಲ್ಲೋ. ಹಂದರ ಹಾಕೇದ, ಬೀಗರು ಬಂದಾರ, ಕೂಸಿಗೆ ಮೂರು ನಡದಾವ, ಮತ್ತ್ಯಾಕ ಬ್ಯಾರೆ ಖಟಪಟಿ ಅಂತ ನಾನ ಅಂದೆ. ನಿಮ್ಮ ಸೋದರಮಾವ ಕತ್ತರಿ ಹಿಡದಾಗ ನನ್ನ ತೊಡಿ ಮ್ಯಾಲೆ ಕುಂತು ಹಂದರ ಹಾರಿ ಹೋಗೂಹಂಗ ಅತ್ತಿದ್ದಿ."

"ಅತ್ತಿ, ನನ್ನ ಜವಳಾ ಸವದತ್ತಿ ಗುಡ್ಡದಾಗ ಆಗೇತಲ್ಲ?"

ಮೊರ ನಿಂತಿತು. ಅತ್ತಿಯ ಬಾಯಿ ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವಳು ಕಾಳನ್ನು ಬೆರಳಿನಿಂದ ಕೆದಕಿದಳು, ಇಲ್ಲದ ಕಲ್ಲೊಂದನ್ನು ಹೆಕ್ಕಿ ಎಸೆದಳು. "ಹೌದೌದು. ನಾ ಮುದುಕಿ, ನನಗೇನ ನೆನಪಿರತೈತಿ. ನಾ ಹೇಳಿದ್ದ ಬರೀಬ್ಯಾಡ. ನಿಮ್ಮವ್ವ ಹೇಳಿದ್ದ ಖರೆ. ಏಳು, ಉಣ್ಣು" ಎಂದಳು.

ಉಂಡೆ. ಏನು ಉಂಡೆನೋ ನೆನಪಿಲ್ಲ. ಬೈಲಹೊಂಗಲದ ದಾರಿಯುದ್ದಕ್ಕೂ ಬಾಯಲ್ಲೇ ಲೆಕ್ಕ ಹಾಕುತ್ತ ನಡೆದೆ. ಲಗ್ನವಾಗಿ ಹನ್ನೆರಡು ವರ್ಷ. ಆಗ ನನಗೆ ಮೂರು. ಅಂದರೆ ಯ − ೧೨ = ೩. ಯ = ೧೫. ಧಾರವಾಡ ಕೈಬಿಟ್ಟು ಹೋಯಿತು.

ಅಷ್ಟು ಬೇಗ ಬಿಡುವವನಲ್ಲ ನಾನು. ಅತ್ತಿಯೇ ಬರೀಬ್ಯಾಡ ಅಂದಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಬರೆಯದೆ ಇರಲಾಗಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅದು ಕಾಡಿತು. ಅವ್ವನ ಮಾತಿನಿಂದ ಅ − ಯ = ೪. ಅತ್ತಿಯ ಮಾತಿನಿಂದ ಅ − ಯ = ೮. ನಾಲ್ಕು ಬರೋಬರಿ ಎಂಟು. ಪಂಚಮಿ ಉಂಡಿ ಹನ್ನೆರಡಲ್ಲದೆ ಹತ್ತಿರಬಹುದೇ ಎಂದು ಹತ್ತು ಹಾಕಿ ನೋಡಿದೆ, ಹದಿನಾಲ್ಕು ಹಾಕಿ ನೋಡಿದೆ. ಎಷ್ಟು ಹಾಕಿದರೂ ಅಕ್ಕನ ವಯಸ್ಸಿನ ಜೊತೆ ನನ್ನದೂ ಏರುತ್ತಿತ್ತು, ಇಳಿಯುತ್ತಿತ್ತು, ನಾಲ್ಕು ಮಾತ್ರ ಎಂಟಾಗಿಯೇ ನಿಲ್ಲುತ್ತಿತ್ತು. ಲಗ್ನದಲ್ಲಿ ಅಕ್ಕನಿಗೆ ಹನ್ನೊಂದಲ್ಲ, ಏಳು ಎಂದು ಹಿಡಿದರೆ ಕೂಡುತ್ತಿತ್ತು. ಆದರೆ ತನ್ನ ಲಗ್ನದ ಹೋಳಿಗೆಯನ್ನು ತಾನೇ ಲಟ್ಟಿಸಿದೆನೆಂದು ಈಗಲೂ ಜಂಬ ಕೊಚ್ಚುವವಳು ಅವಳು. ಏಳು ವರ್ಷದ ಹುಡುಗಿ ಲಟ್ಟಿಸಿದ ಹೋಳಿಗೆಯನ್ನು ಬೀಗರು ತಿನ್ನುತ್ತಾರೆಯೇ? ತಿಂದರೆಂದೇ ಇಟ್ಟುಕೊಳ್ಳೋಣ, ಜವಳ ಎರಡು ಕಡೆ ಹೇಗೆ ಆಯಿತು? ಹುಟ್ಟುಗೂದಲು ಒಮ್ಮೆ ಹೋದರೆ ಹೋಯಿತು. ಎರಡನೆಯ ಸಲ ತೆಗೆಸುವುದು ಬರೀ ಕ್ಷೌರ.

ನಾಲ್ಕು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಮಾತನ್ನು ಅಕ್ಷರಕ್ಕೆ ಇಳಿಸುವಾಗ ಎಲ್ಲೋ ತಪ್ಪಿದ್ದೇನೆ, ಎಲ್ಲೋ ಕಂಸ ಬಿಟ್ಟಿದ್ದೇನೆ ಎಂದು ಬರೆದೆ, ಒರೆಸಿದೆ. ನನ್ನ ದಡ್ಡತನದ ಮೇಲೆ ನನಗೇ ಹೇಸಿಗೆ ಬಂತು. ಹತ್ತೊಂಬತ್ತಾದವನಿಗೆ ಮೂರು ಸಾಲಿನ ಲೆಕ್ಕ ಬಿಡಿಸಲು ಬರುವುದಿಲ್ಲ!

ಐದನೆಯ ದಿನ ಸಂಜೆ ಪಾಟಿಯನ್ನು ಮಾಸ್ತರರ ಮುಂದಿಟ್ಟೆ. ಅವರು ಓದಿ ಜೋರಾಗಿ ನಕ್ಕರು. "ಒಬ್ಬಂಗ ಎರಡು ಜವಳ! ನಿನ್ನ ತಲಿ ಅಷ್ಟು ದೊಡ್ಡದೇನೋ?"

ಮತ್ತೆ ಮೊದಲಿನಿಂದ ಓದಿದರು. ಒಂದೊಂದು ಸಾಲಿಗೂ ನನ್ನನ್ನು ಪ್ರಶ್ನೆ ಮಾಡಿದರು. ಅವ್ವ ಹೇಳಿದ ಮಾತು ಹಾಗೇ ಹೇಳು, ಅಕ್ಕ ಹೇಳಿದ್ದು ಹೇಳು, ಅತ್ತಿ ಹೇಳಿದ್ದು ಹೇಳು. ಅತ್ತಿಯ ಮೊರ ನಿಂತದ್ದನ್ನೂ ಹೇಳಿದೆ. ಅವರ ನಗು ಹೋಗಿತ್ತು. ಹಕ್ಕಿಗಳು ಬೇವಿನ ಗಿಡಕ್ಕೆ ಬಂದು ಗದ್ದಲ ಹಾಕುತ್ತಿದ್ದವು.

"ನೀ ಮಾತು ಬರೋಬರಿ ಇಳಿಸೀ. ಒಂದೂ ತಪ್ಪಿಲ್ಲ" ಎಂದರು. ನನ್ನನ್ನು ಅವರು ಹೊಗಳಿದ್ದು ಅದೇ ಮೊದಲು. "ಮೊದಲೊಂದು ತಪ್ಪಾಗೇದ. ನಿಮ್ಮವ್ವನ ಮಾತಿನಾಗಿನ ಸಂಖ್ಯಾ, ನಿಮ್ಮ ಅತ್ತಿ ಮಾತಿನಾಗಿನ ಸಂಖ್ಯಾ ಎರಡೂ ಒಂದ ಅಂತ ನಿನಗ ಯಾರು ಹೇಳಿದ್ರು? ಒಂದು ಲೆಕ್ಕದಾಗ ಒಂದು ಅಕ್ಷರಕ್ಕ ಒಂದ ಬೆಲಿ. ಇಲ್ಲೆ ಎರಡು ಅದಾವ."

ಅತ್ತಿಯ ಸಾಲಿನಲ್ಲಿದ್ದ ಯ ಅನ್ನು ಹೆಬ್ಬೆರಳಿನಿಂದ ಒರೆಸಿ ಅಲ್ಲಿ ರ ಎಂದು ಬರೆದರು. ಅ − ಯ = ೪. ಅ − ರ = ೮. ಅ = ೨೩. ಜಗಳವೇ ಇಲ್ಲ. ಯ = ೧೯, ರ = ೧೫. ಇಷ್ಟು ದಿನ ಒದ್ದಾಡಿದ ಲೆಕ್ಕ ಹಸುವಿನ ಹಾಗೆ ನಿಂತಿತ್ತು.

ನನಗೆ ಇನ್ನೂ ತಿಳಿಯಲಿಲ್ಲ. ಅಕ್ಷರ ಎಂದರೆ ಮನುಷ್ಯನಲ್ಲ ಎಂಬ ಮಾಸ್ತರರ ನಿಯಮ ಮರೆತು ಕೇಳಿದೆ. "ರ ಅಂದ್ರ ಯಾರ್ರಿ?"

ಅವರು ಬೈಯಲಿಲ್ಲ. "ನೀನಪ್ಪಾ" ಎಂದರು.

"ಮತ್ತ ಯ?"

ಅವರು ಅರ್ಜಿಯ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು, ಮಸಿಯ ದೌತಿಯ ಜೊತೆ ನನ್ನ ಕೈಗೆ ಕೊಟ್ಟರು. "ಮನೀಗೆ ಹೋಗು. ಅವ್ವನ್ನ ಮೆತ್ತಗ ಕೇಳು. ಕಾಗದದಾಗ ಏನ ಬರೀತಿ ಅದು ನಿನಗ ಬಿಟ್ಟದ್ದು. ಹೆತ್ತಾಕಿ ಹತ್ತೊಂಬತ್ತ ಅಂದ್ರ ಅದಕ್ಕ ಇಲ್ಲ ಅನ್ನಾಂವ ನಾ ಅಲ್ಲ."

ದಾರಿಯಲ್ಲಿ ಎರಡು ಸಲ ನಿಂತೆ. ಲೆಕ್ಕ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಇಲ್ಲ, ಗೊತ್ತಿತ್ತೇನೋ, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ನಮ್ಮ ಮನೆಯಲ್ಲಿ ಚೊಚ್ಚಲ ಗಂಡುಮಗನಿಗೆ ಅಜ್ಜನ ಹೆಸರು. ನನ್ನದು ಅಜ್ಜನ ಹೆಸರು. ಚೊಚ್ಚಲ ಗಂಡು ನಾನೇ ಎಂದು ಆವತ್ತಿನವರೆಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ಮರುದಿನ ಮುಂಜಾನೆ ಅವ್ವ ರೊಟ್ಟಿ ಮುಗಿಸಿ ಕೈತೊಳೆದು ಬಂದಳು. ಅವಳ ಎದುರು ಕುಳಿತೆ. ಮೆತ್ತಗೆ ಕೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿದ್ದ ಮಾತು ಬಾಯಿಗೆ ಬರಲಿಲ್ಲ.

"ಅವ್ವಾ, ನನಕಿಂತ ಮೊದಲ ಒಬ್ಬಾಂವ ಇದ್ದನೇನು?"

"ಇದ್ದ ಅನಬ್ಯಾಡ" ಎಂದಳು ಅವ್ವ. ಥಟ್ಟನೆ, ಹೊಡೆಯುವವಳ ಹಾಗೆ.

ಆಮೇಲೆ ತಾನೇ ಹೇಳಿದಳು. ಸವದತ್ತಿಯ ಗುಡ್ಡದಲ್ಲಿ ಜವಳವಾಗಿ ಎರಡು ತಿಂಗಳಿಗೆ ಅವನಿಗೆ ಮೈಲಿ ಬೇನೆ ಎದ್ದಿತು. ಐದು ದಿನ. ಕೂದಲು ಇನ್ನೂ ಬೆರಳಿನಷ್ಟು ಬೆಳೆದಿರಲಿಲ್ಲ. ಮರುವರ್ಷ ನಾನು ಹುಟ್ಟಿದೆ. ಅದೇ ತೊಟ್ಟಿಲು ಕಟ್ಟಿ, ಅಜ್ಜಿ ನನ್ನ ಕಿವಿಯಲ್ಲಿ ಅದೇ ಹೆಸರು ಕರೆದಳು.

"ನಿಮ್ಮಜ್ಜಿ ಅಂದ್ಲು, ಅಂವನ ತಿರುಗಿ ಬಂದಾನ, ಮತ್ತ ಒಂದರಿಂದ ಎಣಿಸಬ್ಯಾಡ. ಎಣಿಸಿದ್ರ ಹ್ವಾದಾಂವ ಹ್ವಾದಂಗ ಆಗತೈತಿ. ಬಿಟ್ಟಲ್ಲಿಂದ ಎಣಿಸು ಅಂದ್ಲು." ಅವಳು ಸೆರಗಿನಿಂದ ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡಳು. "ನೀ ಹುಟ್ಟಿದ ದಿನಾನ ನಿನಗ ನಾಕ ತುಂಬಿದ್ವು."

ಅಕ್ಕನಿಗೂ ಅತ್ತಿಗೂ ಅಜ್ಜಿಯೇ ಆಣೆ ಹಾಕಿಸಿದ್ದಳಂತೆ. ಅದಕ್ಕೇ ಹೊಗೆ, ಅದಕ್ಕೇ ಮೊರ.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನಾನು ಹುಟ್ಟುವ ಮೊದಲೇ ಸತ್ತ ಮಗುವಿನ ಮೇಲೆ ಎಂಥ ಸಿಟ್ಟು ಎಂದು ಈಗ ಅನಿಸುತ್ತದೆ, ಆದರೆ ಬಂದದ್ದು ಸಿಟ್ಟೇ. ಮೊಣಕಾಲಿನ ತನಕ ಇಳಿಯುತ್ತಿದ್ದ ಅಂಗಿಗಳೆಲ್ಲ ಅವನ ಅಳತೆಯವು. ಮೀಸೆ ಬಂದ ಹುಡುಗರು ಅವನ ಓರಗೆಯವರು. ನಾನು ದಡ್ಡನಲ್ಲ, ಹಿಂದೆ ಬಿದ್ದವನಲ್ಲ, ಹದಿನೈದು ವರ್ಷದ ಹುಡುಗ ಎಷ್ಟಿರಬೇಕೋ ಅಷ್ಟೇ ಇದ್ದೆ. ಇದನ್ನು ಇಷ್ಟು ವರ್ಷ ಯಾರೂ ಹೇಳಲಿಲ್ಲ.

"ಹಂಗಾರ ನಾ ಯಾರವ್ವಾ?" ಎಂದೆ.

"ನೀ ನನ್ನ ಮಗ."

"ಯಾವಾಂವ?"

ಅವ್ವ ನನ್ನನ್ನು ದಿಕ್ಕು ತಪ್ಪಿದವಳ ಹಾಗೆ ನೋಡಿದಳು. ನಾನು ಕೇಳಿದ ಪ್ರಶ್ನೆಯೇ ಅವಳಿಗೆ ತಿಳಿಯಲಿಲ್ಲ. "ಮಗ" ಎಂದಳು ಮತ್ತೆ.

ಅರ್ಜಿಯ ಕಾಗದ ಮಡಿಲಲ್ಲಿತ್ತು. ಹತ್ತೊಂಬತ್ತು ಎಂದು ಬರೆದರೆ ಬರುವ ತಿಂಗಳೇ ಧಾರವಾಡ. ಅವ್ವನಿಗೂ ಅದೇ ಬೇಕು, ಮಾಸ್ತರರು ಇಲ್ಲ ಎನ್ನುವುದಿಲ್ಲ, ಸುಳ್ಳೆಂದು ಹಿಡಿಯುವವರು ಯಾರೂ ಇಲ್ಲ. ಹದಿನೈದು ಎಂದು ಬರೆದರೆ ಮೂರು ವರ್ಷ ಕಾಯಬೇಕು. ಮಾಸ್ತರನಾಗಲು ನಾನು ಏನು ಬೇಕಾದರೂ ಮಾಡುತ್ತಿದ್ದೆ. ಆದರೆ ಹತ್ತೊಂಬತ್ತು ಎಂದು ಬರೆದರೆ ಧಾರವಾಡಕ್ಕೆ ಹೋಗುವವನು ಅವನು, ನಾನಲ್ಲ ಎಂದು ಯಾಕೋ ಅನಿಸಿತು. ಅಂಗಿ ಅವನದು, ಹೆಸರು ಅವನದು, ಇನ್ನು ನನ್ನ ಮಾಸ್ತರಿಕೆಯೂ ಅವನದಾಗಬೇಕೆ? ಕಟ್ಟಿಗೆಯ ಟಾಕು ದೌತಿಗೆ ಅದ್ದಿ, ಸಿಟ್ಟಿನಲ್ಲೇ, ದಪ್ಪವಾಗಿ ಬರೆದೆ. ಹದಿನೈದು.

ಮೂರು ವರ್ಷ ಕಾದೆ. ಆ ಸೊಕ್ಕಿಗೆ ಎಷ್ಟೋ ಸಲ ಪಶ್ಚಾತ್ತಾಪ ಪಟ್ಟೆ. ಕೊನೆಗೆ ಧಾರವಾಡಕ್ಕೂ ಹೋಗಿ ಬಂದೆ, ಸವದತ್ತಿಯಲ್ಲಿ ಕಲಿಸಿದೆ, ರಾಮದುರ್ಗದಲ್ಲಿ ಕಲಿಸಿದೆ, ೨ಯ − ೩ ಮತ್ತು ೨(ಯ − ೩) ಎರಡೂ ಒಂದೇ ಎನ್ನುವ ನೂರಾರು ಹುಡುಗರನ್ನು ಕಂಡೆ. ಅವರಲ್ಲಿ ಒಬ್ಬನಿಗೂ ನಾನು ಜೋರು ಮಾಡಲಿಲ್ಲ.

ಆದರೆ ಆವತ್ತು ಮುಂಜಾನೆ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಇವನು ನನ್ನ ಮಗ, ಇವನಿಗೆ ಹದಿನೈದು ವರ್ಷ ತುಂಬಿವೆ. ಅವಳು ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಕಾಗದದ ಮೇಲೆ ಬಗ್ಗಿ, ಓದಲು ಬಾರದವಳು, ಅಕ್ಷರಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ಅಂವಂದು ಎಲ್ಲಿ ಬರದಿ?" ಎಂದು ಕೇಳಿದಳು.

"ಅಂವಂದು ಬರ್ಯಾಕ ಇದರಾಗ ಜಾಗಾ ಇಲ್ಲವ್ವಾ."

ಅವಳ ಹೆಬ್ಬೆರಳಿಗೆ ನಾನೇ ಮಸಿ ಹಚ್ಚಿ, ಎಲ್ಲಿ ಒತ್ತಬೇಕೆಂದು ತೋರಿಸಿದೆ. ಒತ್ತಿದಳು. ಆಮೇಲೆ ನಾನು ಕಾಗದ ಎಳೆದುಕೊಳ್ಳುವ ಮೊದಲೇ, ಬೆರಳನ್ನು ತಾನೇ ದೌತಿಗೆ ಅದ್ದಿ, ಅದರ ಮಗ್ಗುಲಿಗೆ ಇನ್ನೊಂದು ಹೆಬ್ಬೆಟ್ಟು ಒತ್ತಿದಳು.